ದಾರದಂಥ ಅಕ್ಷರಗಳು

ಓರೆಬ್ರೂ, ಸ್ವೀಡನ್
ಭಾನುವಾರ, 24 ಆಗಸ್ಟ್ 2025

ಮಧ್ಯಾಹ್ನ ಮೂರು ಗಂಟೆ. ಮನೆಯಲ್ಲಿ ಒಬ್ಬಳೇ ಇದ್ದೇನೆ. ನಾಳೆ ಹತ್ತು ಗಂಟೆಗೆ ಆಫೀಸಿನಲ್ಲಿ ಒಂದು ಕಾಗದಕ್ಕೆ ನನ್ನ ಸಹಿ ಬೇಕಂತೆ.

ಪ್ರೀತಿಯ ಅಕ್ಕ,

ನಾನು ಕ್ಷೇಮ. ನೀನು, ಭಾವ, ವರ್ಷಾ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಮೇ ತಿಂಗಳಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಅದಾದ ಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದೆವು. ಪ್ರತಿ ಸಲವೂ ಇಲ್ಲಿನ ಚಳಿ, ಭಾವನ ಸಕ್ಕರೆ ಕಾಯಿಲೆ ಎಂದು ಜಾರಿಕೊಂಡೆ. ಬರೆದರೆ ನೀನು ನಡುವೆ ಬಾಯಿ ಹಾಕಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಸುದ್ದಿ. ನಮ್ಮದು ವಲಸೆ ಬಂದವರ ಭಾಷೆಗಳಲ್ಲಿ ಪುಸ್ತಕ ಮಾಡುವ ಸಣ್ಣ ಪ್ರಕಾಶನ. ಪುಟವಿನ್ಯಾಸ ನನ್ನದು. ಈಗ ಮೇಜಿನ ಮೇಲಿರುವುದು ಇಲ್ಲಿನ ಇಥಿಯೋಪಿಯದವರ ಪ್ರಾರ್ಥನಾ ಪುಸ್ತಕ. ಎಡಪುಟ ಅಮ್ಹಾರಿಕ್, ಬಲಪುಟ ಸ್ವೀಡಿಷ್. ಸೆಪ್ಟೆಂಬರ್ ಹನ್ನೊಂದು ಅವರ ಹೊಸ ವರ್ಷ. ಅಷ್ಟರೊಳಗೆ ಅವರ ಕೈಸೇರಬೇಕು.

ಆ ಭಾಷೆ ನನಗೆ ಬಾರದು. ಲಿಪಿಯನ್ನು ಮಾತ್ರ ನಾಲ್ಕು ತಿಂಗಳು ಕೂತು ಕಲಿತೆ. ಅವರದೂ ಒಂದು ಬಗೆಯ ಕಾಗುಣಿತವೇ. ಒಂದೊಂದು ವ್ಯಂಜನಕ್ಕೂ ಏಳು ರೂಪ. ಅಕ್ಷರದ ಒಂದು ಕಾಲು ಉದ್ದವಾದರೆ ಒಂದು ಸ್ವರ, ಪಕ್ಕದಲ್ಲಿ ಸಣ್ಣ ಉಂಗುರ ಬಂದರೆ ಇನ್ನೊಂದು. ಉಂಗುರ ಕಾಣದಿದ್ದರೆ ಪದವೇ ಕೆಟ್ಟಿತು. ಹಳೆಯ ಕೈಬರಹದ ಪ್ರತಿಗಳಲ್ಲಿ ಅಕ್ಷರಗಳು ದಪ್ಪ, ದೇವಮಾತೆಯ ಹೆಸರು ಬಂದಲ್ಲೆಲ್ಲ ಕೆಂಪು ಶಾಯಿ. ಆ ಕೈಬರಹವನ್ನೇ ಅನುಸರಿಸಿದ ಒಂದು ಫಾಂಟ್ ಹುಡುಕಿ ಇಟ್ಟಿದ್ದೆ.

ಪ್ರಕಾಶನದ ಒಡೆಯ ಉಲ್ಫ್‌ಗೆ ಅದು ಹಿಡಿಸಲಿಲ್ಲ. ಅವನಿಗೆ ದಾರದೆಳೆಯಂಥ ಹೊಸ ಫಾಂಟೇ ಬೇಕು. ಫೀಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿಗೆ ಕೂತಿದ್ದಾಗ, "ಎರಡೂ ಪುಟ ಒಂದೇ ಥರ ಹಗುರವಾಗಿ ಕಾಣಬೇಕು ಶೋಭನಾ. ನಿನ್ನ ಎಡಪುಟ ಕಲ್ಲು ಪೇರಿಸಿದ ಹಾಗಿದೆ. ಹೇಗೂ ಅವರ ಮಕ್ಕಳು ಸ್ವೀಡಿಷ್ ಪುಟಾನೇ ಓದೋದು" ಎಂದ.

"ಹಾಗಾದ್ರೆ ಎಡಪುಟ ಬರೀ ಅಲಂಕಾರಕ್ಕಾ?" ಎಂದೆ. ಆಫೀಸಿನಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಉಲ್ಫ್ ಕೇಕ್ ಕತ್ತರಿಸಿದ.

ನಮ್ಮ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಉಮಾಕಾಂತ, ಬಸವನಗುಡಿಯವನು, ಹಿಂದೆಯೇ ಬಂದ. "ಮೇಡಂ, ಯಾಕ್ ಸುಮ್ನೆ ಟೆನ್ಶನ್? ಅವ್ನ್ ಹೇಳಿದ್ ಫಾಂಟ್ ಹಾಕಿ ಕಳಿಸ್ಬಿಡಿ. ಆಫೀಸಲ್ಲಿ ಯಾರಿಗ್ ಓದಕ್ ಬರತ್ತೆ?"

"ಓದೋರು ಆಫೀಸಲ್ಲಿಲ್ಲಪ್ಪ, ಚರ್ಚಲ್ಲಿದಾರೆ."

"ಅವ್ರೂ ಸೂಪರ್ ಅಂತಾನೇ ಅಂತಾರೆ, ಬೆಟ್ ಕಟ್ತೀನಿ."

ಕಟ್ಟಿದ್ದರೆ ಗೆಲ್ಲುತ್ತಿದ್ದ. ಹೋದ ಭಾನುವಾರ ಎರಡೂ ಫಾಂಟಿನಲ್ಲಿ ಮಾದರಿ ಪುಟ ಮುದ್ರಿಸಿಕೊಂಡು ಅವರ ಚರ್ಚಿಗೆ ಹೋದೆ. ಪೂಜೆ ಮುಗಿಸಿ ಬಂದ ಹತ್ತಾರು ಹಿರಿಯರು ನೋಡಿದರು. ಎರಡೂ ಚೆನ್ನಾಗಿದೆ ಎಂದರು. ಪುಟಕ್ಕೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡರು. ಅವರಲ್ಲಿ ದೇವರ ಪುಸ್ತಕವನ್ನು ಹಾಗೆಯೇ ಬರಮಾಡಿಕೊಳ್ಳುವುದು. ನಾನು ನಂಬಲಿಲ್ಲ. ತ್ಸೆಹಾಯ್ ಎಂಬ ಎಪ್ಪತ್ತೆಂಟರ ಹೆಂಗಸಿನ ಕೈಗೆ ಸಣಕಲು ಅಕ್ಷರದ ಪುಟ ಕೊಟ್ಟು, ದಯವಿಟ್ಟು ಓದಿ ಎಂದೆ. ಪಾದ್ರಿ ಅಬ್ಬಾ ಗೆಬ್ರೆ (ಅಬ್ಬಾ ಎಂದರೆ ಅವರಲ್ಲಿ ತಂದೆ) ನನ್ನ ಸ್ವೀಡಿಷ್ ಮಾತನ್ನು ಆಕೆಗೆ ಅನುವಾದಿಸಿದರು. ಆಕೆ ಗಂಟೆ ಬಾರಿಸಿದ ಹಾಗೆ ಓದಿದರು, ಒಂದು ತಡೆ ಇಲ್ಲ. ನನ್ನ ಮುಖ ಸಪ್ಪಗಾಯಿತು. ಆಮೇಲೆ ನೋಡುತ್ತೇನೆ, ಆಕೆಯ ಕಣ್ಣು ಪುಟದ ಮೇಲಿಲ್ಲ, ಕಿಟಕಿಯ ಕಡೆಗಿದೆ. ಅರವತ್ತು ವರ್ಷದಿಂದ ಬಾಯಿಗೆ ಬಂದ ಪ್ರಾರ್ಥನೆ, ಅದಕ್ಕೆ ಪುಟ ಯಾಕೆ?

ಅಬ್ಬಾ ಗೆಬ್ರೆ ಹೊಸದಾಗಿ ಬರೆದ ಮುನ್ನುಡಿ ಯಾರಿಗೂ ಬಾಯಿಪಾಠ ಇರಲಿಲ್ಲ. ಅದನ್ನು ಕೊಟ್ಟೆ. ಆಕೆ ಬೆಳಕಿಗೆ ಹಿಡಿದರು, ದೂರ ಹಿಡಿದರು, ಎರಡು ಪದ ಆದ ಮೇಲೆ ನಿಂತರು. "ಕನ್ನಡಕ ಮನೇಲಿ ಬಿಟ್ಟು ಬಂದೆ ಮಗಳೇ" ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು.

ಅದೇ ಮುನ್ನುಡಿಯನ್ನು ದಪ್ಪ ಅಕ್ಷರದಲ್ಲಿ ಕೊಟ್ಟೆ. ಬೆರಳಿಟ್ಟು, ನಿಧಾನವಾಗಿ, ಕೊನೆಯವರೆಗೂ ಓದಿದರು. ನಡುವೆ ಒಮ್ಮೆ ನಕ್ಕು, "ಅಬ್ಬಾ, ನಿಮ್ಮನ್ನ ನೀವೇ ಇಷ್ಟು ಹೊಗಳಿಕೊಂಡಿದೀರಲ್ಲ!" ಎಂದರು. ಪಾದ್ರಿ ಆ ಮಾತನ್ನೂ ಅನುವಾದಿಸಬೇಕಾಯಿತು.

ಸೋಮವಾರ ಉಲ್ಫ್‌ಗೆ ಎಲ್ಲ ಹೇಳಿದೆ. ಒಬ್ಬ ಅಜ್ಜಿಗಾಗಿ ಇಡೀ ಪುಸ್ತಕ ಬದಲಿಸಲಾಗದು ಎಂದ. ಗುರುವಾರ ತಾನೇ ಫಾಂಟ್ ಬದಲಿಸಿ, ಒಪ್ಪಿಗೆ ಪತ್ರವನ್ನು ನನ್ನ ಮೇಜಿನ ಮೇಲಿಟ್ಟ. 'ಲಿಪಿಯನ್ನು ಪರಿಶೀಲಿಸಿದ್ದೇನೆ, ಓದಲು ಯೋಗ್ಯವಾಗಿದೆ' ಎಂದು ಅದರಲ್ಲಿದೆ. ಸಹಿ ನನ್ನದೇ ಬೇಕು, ಇಲ್ಲದಿದ್ದರೆ ಮುದ್ರಣಾಲಯದವರು ಯಂತ್ರ ಓಡಿಸುವುದಿಲ್ಲ. ಸಹಿ ಹಾಕದಿದ್ದರೆ ಅಕ್ಟೋಬರಿನಲ್ಲಿ ನನ್ನ ಕೆಲಸ ಮುಂದುವರಿಸುವುದು "ಸ್ವಲ್ಪ ಕಷ್ಟವಾಗಬಹುದು" ಎಂದ. ಈ ದೇಶದಲ್ಲಿ ಹಾಗೆಂದರೆ ಆಗುವುದಿಲ್ಲ ಎಂದೇ. ನನ್ನ ವರ್ಕ್ ಪರ್ಮಿಟ್ ನಿಂತಿರುವುದು ಈ ಕೆಲಸದ ಮೇಲೆ. ಕೆಲಸ ಹೋದರೆ ಮೂರು ತಿಂಗಳೊಳಗೆ ಇನ್ನೊಂದು ಸಿಗಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಊರು ಬಿಟ್ಟು ಹನ್ನೊಂದು ವರ್ಷ ತಲೆ ತಗ್ಗಿಸಿಯೇ ದುಡಿದೆ. ಈಗ ಕತ್ತು ಬಗ್ಗುತ್ತಿಲ್ಲ ಅಕ್ಕ. ನಲವತ್ತೇಳಕ್ಕೆ ಹಟ ಕಲಿತಳು ಎಂದು ನಗು ಬೇಕಾದರೆ.

ಭಾವನಿಗೆ ನಮಸ್ಕಾರ. ಮಾತ್ರೆ ತಪ್ಪಿಸದಿರಲಿ. ವರ್ಷಾಗೆ ನನ್ನ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರೆಯಲಿ, ಬರೆಯದಿದ್ದರೂ ಅವಳು ನಮ್ಮ ಜಾಣೆಯೇ. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಶೋಭನಾ

ಮರೆತ ಮಾತಲ್ಲ, ಮೇಲೆ ಬರೆಯಲಾಗದ್ದು: ಹಿರಿಯರು ಚೆನ್ನಾಗಿದೆ ಎಂದಾಗ ಯಾಕೆ ನಂಬಲಿಲ್ಲ ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಅಮ್ಮನ ಎಪ್ಪತ್ತಕ್ಕೆ ಅವಳ ಆರತಿ ಹಾಡುಗಳನ್ನೆಲ್ಲ ಪುಸ್ತಕ ಮಾಡಿ ಕಳಿಸಿದೆನಲ್ಲ, ಅದಕ್ಕೆ ನಾನೇ ಆರಿಸಿದ್ದು ಅಂಥದೇ ಸಣಕಲು ಅಕ್ಷರ. ನೋಡಲು ಅಂದ ಎಂದು. "ತುಂಬಾ ಚೆನ್ನಾಗಿದೆ ಕಣೇ" ಎಂದಳು. ನಾನು ಖುಷಿಪಟ್ಟೆ. ಒಂದು ಹಾಡು ಓದಿ ಹೇಳಮ್ಮ ಎನ್ನಲಿಲ್ಲ. ಅವಳು ಹೋದ ಮೇಲೆ ನೀನು ದೇವರ ಕೋಣೆ ಒರೆಸುವಾಗ ಆ ಪುಸ್ತಕ ರೇಷ್ಮೆ ವಸ್ತ್ರದೊಳಗೆ ಮಡಿಕೆ ಮುರಿಯದೆ ಸಿಕ್ಕಿತೆಂದೂ, ಪಕ್ಕದಲ್ಲಿ ವರ್ಷಾ ಕೈಯಲ್ಲಿ ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆಸಿಕೊಂಡ ನೋಟ್‌ಬುಕ್ ಇತ್ತೆಂದೂ, "ಶೋಭನಂಗೆ ಹೇಳ್ಬೇಡಿ, ನೊಂದ್ಕೋತಾಳೆ" ಎಂದು ಆಣೆ ಹಾಕಿಸಿದ್ದಳೆಂದೂ ಬರೆದೆಯಲ್ಲ, ಆ ಕಾಗದವನ್ನು ನಾನು ಪೂರ್ತಿ ಓದಿದ್ದು ಮೂರನೆಯ ಪ್ರಯತ್ನದಲ್ಲಿ. ಐದು ವರ್ಷ, ಅಕ್ಕ. ದಿನಾ ಬೆಳಿಗ್ಗೆ ಅವಳು ನನ್ನ ಪುಸ್ತಕಕ್ಕೆ ಕೈಮುಗಿದು ಪಕ್ಕದ್ದನ್ನು ಓದಿದಳು.

ಒಪ್ಪಿಗೆ ಪತ್ರ ಇನ್ನೂ ಸಹಿಯಿಲ್ಲದೆ ಚೀಲದಲ್ಲಿದೆ. ನಾಳೆ ಹತ್ತು ಗಂಟೆಗೆ, ಉಲ್ಫ್ ಎದುರಿಗೇ, ಸಹಿಯ ಜಾಗದಲ್ಲಿ 'ಇದನ್ನು ಓದಲಾಗುವುದಿಲ್ಲ' ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕುತ್ತೇನೆ.