ಹೆಸರು ಹೇಳದ ಅಕ್ಕನಿಗೆ

ಸೋಮವಾರ, ಮಧ್ಯಾಹ್ನ

ಅಕ್ಕಾ,

ಆಸ್ಪತ್ರೆಯವರು ಕೊಡುತ್ತೇವೆ ಅಂದದ್ದು: ಮೊಣಕೈವರೆಗಿನ ರಬ್ಬರ್ ಗ್ಲೌಸು, ಹಬೆ ಹೊರಗೆಳೆಯುವ ಫ್ಯಾನು, ಹೆರಿಗೆ ರಜೆ. ಕೊಟ್ಟದ್ದು: ಗೋಡೆಗೊಂದು ಗಡಿಯಾರ, ನಾವು ತಡವಾಗಿ ಬಂದರೆ ಗೊತ್ತಾಗಲಿ ಅಂತ. ಅದಕ್ಕೇ ಆಸ್ಪತ್ರೆಯ ಬಟ್ಟೆ ಒಗೆಯುವ ನಾವು ಮೂವತ್ತೆರಡು ಹೆಂಗಸರು ಕೆಲಸ ನಿಲ್ಲಿಸಿದೆವು. ಆ ಬಗ್ಗೆ ನನಗೆ ಇವತ್ತಿಗೂ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಪಶ್ಚಾತ್ತಾಪ ಇರುವುದು ನಿನ್ನ ವಿಷಯದಲ್ಲಿ.

ಮುಷ್ಕರದ ಎರಡನೇ ದಿನ, ಹೊರಗಿನ ಆಳುಗಳಿಂದ ಕೆಲಸ ನಡೆಸದಿರಲಿ ಅಂತ, ಯಾರೋ ಸ್ಟೀಮ್ ಪೈಪಿನ ವಾಲ್ವು ಮುಚ್ಚಿ, ಅದರ ಹಿಡಿಯನ್ನೂ ಕಿತ್ತೊಯ್ದರು. ಇಸ್ತ್ರಿ ಯಂತ್ರಗಳಷ್ಟೇ ನಿಲ್ಲುತ್ತವೆ ಅನ್ನುವ ಅಂದಾಜು. ಸುಟ್ಟಗಾಯದವರ ವಾರ್ಡಿನ ಬಟ್ಟೆ ಕುದಿಸುವ ಡ್ರಮ್ಮಿಗೂ ಅದೇ ಪೈಪು ಹೋಗುತ್ತದೆ ಅನ್ನುವುದು, ಹದಿನೆಂಟು ವರ್ಷ ಆ ಡ್ರಮ್ಮಿನ ಮುಂದೆ ನಿಂತ ನಿನಗೆ ಮಾತ್ರ ಗೊತ್ತಿತ್ತು. ನೀನು ಒಬ್ಬಳೇ ಒಳಗೆ ಹೋದೆ. ಕ್ಯಾಂಟೀನಿನ ಒಲೆಯ ಮೇಲೆ ನೀರು ಕುದಿಸಿ, ಆ ಒಂದು ವಾರ್ಡಿನ ಹಾಸುಗಳನ್ನಷ್ಟೇ ಬರಿಗೈಯಲ್ಲಿ ಒಗೆದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ.

ಗೇಟಿನಲ್ಲಿ ಎಲ್ಲರೆದುರು ನಾನು ಕೂಗಿದೆ: "ಬಂದ್ಳು ನೋಡ್ರೇ, ಮ್ಯಾನೇಜರ್ ಸಾಹೇಬ್ರ ಸಾಕುಮಗಳು!" ಬೊಬ್ಬೆಯೆದ್ದ ಕೈಗಳನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡು ನೀನು ಅಂದದ್ದು ಇಷ್ಟೇ: "ಕೂಗಿ ಕೂಗಿ ಗಂಟಲು ಕಟ್ಟಿದೆ ಕಣೇ, ಹೋಗಿ ಬಿಸಿನೀರು ಕುಡಿ." ನನಗೆ ಮೈಯೆಲ್ಲ ಉರಿಯಿತು. ನೀನು ಸದಾ ಹೇಳುವ ದೇವರ ಶರಣಾಗತಿ ಅನ್ನುವುದು ಗುಲಾಮರ ಮಾತು ಅಂತ ಭಾಷಣ ಬೇರೆ ಬಿಗಿದೆ.

ಶನಿವಾರದ ವಿಚಾರಣೆಯಲ್ಲಿ ನಡೆದದ್ದನ್ನು ಆಫೀಸಿನ ಟೈಪಿಸ್ಟ್ ಹೇಳಿದಳು. ವಾಲ್ವು ಮುಚ್ಚಿದವಳ ಹೆಸರು ಹೇಳಿದರೆ ನೀನು ಸೂಪರ್‌ವೈಸರ್. ಗುರುವಾರದೊಳಗೆ ಹೇಳದಿದ್ದರೆ ಕೆಲಸವೇ ಇಲ್ಲ. "ನೋಡಿದೀನಿ ಸಾರ್. ನೋಡಿಲ್ಲ ಅಂತ ಸುಳ್ಳು ಹೇಳಲ್ಲ. ಹೆಸರೂ ಹೇಳಲ್ಲ" ಅಂದೆಯಂತೆ. ಆ ಮ್ಯಾನೇಜರ್ ನಿನ್ನ ದೇವರನ್ನೇ ಎಳೆದು ತಂದನಂತೆ: "ತ್ಯಾಗ ಮಾಡಿ ಅಂತ ನಿಮ್ಮ ಯೇಸು ಹೇಳಿಲ್ವೇನಮ್ಮಾ? ಒಂದು ಹೆಸರು ತ್ಯಾಗ ಮಾಡು."

"ಯೇಸುಸ್ವಾಮಿ ತಮ್ಮ ಪ್ರಾಣ ಕೊಟ್ರು ಸಾರ್. ಪಕ್ಕದೋರದ್ದು ಕೊಡ್ಲಿಲ್ಲ."

ಟೈಪಿಸ್ಟ್ ಟೈಪು ಮಾಡುವುದನ್ನೇ ನಿಲ್ಲಿಸಿಬಿಟ್ಟಳಂತೆ. ಅಕ್ಕಾ, ಇಪ್ಪತ್ತು ವರ್ಷ ಮೈಕು ಹಿಡಿದು ಅರಚಿದ್ದೇನೆ, ಅಂಥ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ. ನೀನು ಒಮ್ಮೆ ನಿನ್ನ ದೇವರಿಗೆ ಪೂರ್ತಿ ಶರಣಾಗಿಬಿಟ್ಟಿದ್ದೀಯ. ಇನ್ನು ಬೇರೆಯವರ ಮುಂದೆ ಬಗ್ಗಲು ನಿನ್ನಲ್ಲಿ ಏನೂ ಉಳಿದಿಲ್ಲ. ಪ್ರಾರ್ಥನೆಗೆ ಬಾ ಅಂದಾಗಲೆಲ್ಲ ಚಪ್ಪಲಿ ಹುಡುಕಿಕೊಂಡು ಓಡಿದ ನಾನು ಇದನ್ನು ಬರೆಯುತ್ತಿದ್ದೇನೆ. ನಗಬೇಡ.

ಒಂದು ಜಗಳ ಮಾತ್ರ ಬಾಕಿಯಿದೆ. ಕೆಲಸ ಹೋದರೆ ದೇವರ ಚಿತ್ತ ಅಂದೆಯಂತೆ. ಅದು ದೇವರ ಚಿತ್ತ ಅಲ್ಲವೇ ಅಲ್ಲ, ಮ್ಯಾನೇಜರನ ಚಿತ್ತ. ದೇವರ ತಲೆಗೆ ಕಟ್ಟಬೇಡ.

ನೀನೇ ಹೆಸರಿಟ್ಟ,
ಕಹಳೆ

ಮರೆತ ಮಾತು: ವಾಲ್ವಿನ ಹಿಡಿ ನನ್ನ ಟ್ರಂಕಿನಲ್ಲಿದೆ. ನಿನಗದು ಗೊತ್ತು. ಕೆಲಸ ನಿಲ್ಲಿಸಿದ ದಿನ ಬಿಟ್ಟುಹೋಗಿದ್ದ ಊಟದ ಡಬ್ಬಿ ತರಲು ಅವತ್ತು ಒಳಗೆ ಬಂದ ನೀನು ಡ್ರಮ್ಮಿನ ಪಕ್ಕದಿಂದ ನನ್ನನ್ನು ನೋಡಿದೆ. ಗೇಟಿನಲ್ಲಿ ನಾನು ಕೂಗುವಾಗಲೂ ನಿನಗೆ ಗೊತ್ತಿತ್ತು. ಆ ಹಿಡಿಯನ್ನು ತಂದು ಮ್ಯಾನೇಜರನ ಮೇಜಿನ ಮೇಲಿಡುತ್ತೇನೆ. ತಡೆಯಬೇಡ, ತ್ಯಾಗವನ್ನು ನಿನ್ನೊಬ್ಬಳಿಗೇ ಗುತ್ತಿಗೆ ಕೊಟ್ಟಿಲ್ಲ. ನಿನ್ನ ಪಕ್ಕದ ಕುರ್ಚಿ ನನಗಿರಲಿ: ವಿಚಾರಣೆ ಕೋಣೆ, ಗುರುವಾರ, ಬೆಳಿಗ್ಗೆ ಹತ್ತು ಗಂಟೆ.