ಮೂರನೇ ಮೆಟ್ಟಿಲು

ಧಾರಾವಿ
ಭಾನುವಾರ, ೯ ಮಾರ್ಚ್ ೨೦೨೫

ಶರಣು ಅವರಿಗೆ, ನಿಮ್ಮ ಹೆಂಡತಿ ಭುವನೇಶ್ವರಿಯ ನಮಸ್ಕಾರ.

ಜೇಜುರಿಯ ಮೆಟ್ಟಿಲ ಮೇಲೆ ನಿಮ್ಮ ಕೈ ಜಾರಲಿಲ್ಲ. ನಾನೇ ಜಿಗಿದೆ. ಇಷ್ಟು ದಿನ ಎಲ್ಲರಿಂದ ಮುಚ್ಚಿಟ್ಟೆ. ಫೋನಿನಲ್ಲಿ ಈ ಮಾತು ತೆಗೆದಾಗಲೆಲ್ಲ ನೀವು ‘ಇರ್ಲಿ ಬಿಡು, ಊಟ ಆತೇನು’ ಅಂತ ತಿರುಗಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನ ಓದಿ.

ಮದುವೆಯಾದ ವಾರಕ್ಕೇ ನಿಮ್ಮ ಅವ್ವ ನಮ್ಮನ್ನು ಮನೆದೇವರು ಜೇಜುರಿ ಮಲ್ಲಯ್ಯನ ಗುಡ್ಡಕ್ಕೆ ಕರೆದುಕೊಂಡು ಹೋದರು. ಹೊಸ ಮದುಮಗ ಹೆಂಡತಿಯನ್ನು ಎತ್ತಿಕೊಂಡು ಗುಡ್ಡದ ಐದು ಮೆಟ್ಟಿಲು ಹತ್ತಬೇಕು, ಆಮೇಲೆ ಇಬ್ಬರೂ ನಡೆದು ಹೋಗಿ ಮಲ್ಲಯ್ಯನಿಗೆ ಭಂಡಾರ ಹಾರಿಸಬೇಕು ಅಂತ ರೈಲಿನಲ್ಲೇ ಹೇಳಿದ್ದರು. ನಾನು ನಕ್ಕಿದ್ದೆ. ದಿನಾ ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಹೊತ್ತು ಲಿಫ್ಟ್ ಇಲ್ಲದ ಬಿಲ್ಡಿಂಗ್ ಹತ್ತುವವರಿಗೆ ಇದೇನು ದೊಡ್ಡದು ಅಂದುಕೊಂಡೆ.

ನಮ್ಮ ಮುಂದೆ ಬೇರೆ ಜೋಡಿಗಳಿದ್ದವು. ಒಬ್ಬ ತೆಳ್ಳಗಿನ ಮದುಮಗನಿಗೆ ಅವನ ಅಣ್ಣ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತಿದ್ದ. ಕಲ್ಲು, ತಲೆ, ಮೂಗು ಎಲ್ಲ ಅರಿಶಿನ. ನೀವು ನನ್ನನ್ನು ಎತ್ತಿದಿರಿ. ಕೆಳಗೆ ನಿಮ್ಮ ಖಂಡಪ್ಪ ಕಾಕಾ ಮೊಬೈಲ್ ಹಿಡಿದು ‘ಹಿಂಗ ನೋಡವಾ, ನಗು’ ಅನ್ನುತ್ತಿದ್ದರು. ನನ್ನನ್ನು ಶಾಲೆ ಬಿಡಿಸಿದ್ದು ಅಪ್ಪ, ಮದುವೆ ಗೊತ್ತು ಮಾಡಿದ್ದು ಸೋದರಮಾವ, ನಮ್ಮೂರು ಇಂಡಿಯಿಂದ ಮುಂಬಯಿಗೆ ತಂದದ್ದು ನೀವು. ಐದನೇ ಮೆಟ್ಟಿಲ ಮೇಲೆ ಇಳಿಸಿದರೆ ಮುಗಿಯಿತು, ಇನ್ನು ನನ್ನ ಕಾಲಿಗೆ ಕೆಲಸವೇ ಇಲ್ಲ ಅನ್ನಿಸಿತು. ಮೂರನೆಯದರಲ್ಲಿ ನಿಮ್ಮ ಎದೆಗೆ ಮೊಣಕೈ ಕೊಟ್ಟು ಜಿಗಿದೆ. ನೀವು ನನ್ನ ಮುಖ ನೋಡಿದಿರಿ, ಆಮೇಲೆ ಎಲ್ಲರಿಗೂ ಕೇಳುವಂತೆ ‘ಕೈ ಜಾರ್ತು’ ಅಂದಿರಿ.

ನೀವು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಅರ್ಧ ಗುಡ್ಡದಲ್ಲಿ ಬಾಣಾಯಿಯ ಗುಡಿ ಬಂತು. ಮಲ್ಲಯ್ಯನ ಎರಡನೇ ಹೆಂಡತಿ, ಕುರಿಗಾರರ ಮಗಳು, ಮೇಲಿನ ಗುಡಿಯಲ್ಲಿ ಹಿರಿಯ ಹೆಂಡತಿ ಇದ್ದದ್ದರಿಂದ ಇಲ್ಲೇ ನಿಂತಳು ಅಂತ ಅತ್ತೆ ಹೇಳಿದರು. ಅವಳೇ ನಿಂತಳಾ, ಯಾರಾದರೂ ನಿಲ್ಲಿಸಿದರಾ ಅಂತ ಕೇಳಿದೆ. ‘ದೇವರ ಮನಿ ಪಂಚಾಯ್ತಿ ನಿನಗ್ಯಾಕ, ಕೊಬ್ಬರಿ ಹಿಡಿ’ ಅಂದರು.

ಕಾಂದಿವಲಿಯ ನಮ್ಮ ಮನೆಗೆ ವಾಪಸ್ ಬಂದ ಮೇಲೆ ಚಾಳಿನ ಗಂಡಸರು ನಿಮ್ಮನ್ನು ಬಿಡಲಿಲ್ಲ. ‘ತುಂಬಿದ ಸಿಲಿಂಡರ್ ನಾಕನೇ ಮಾಳಿಗಿಗೆ ಹೋಗ್ತದ, ಹೆಂಡ್ತಿ ಮೂರನೇ ಪಾವಟಿಗಿಗೇ ಜಾರ್ತಾಳ’ ಅಂತ ನಲ್ಲಿಯ ಹತ್ತಿರ ನಗುತ್ತಿದ್ದರು. ಖಂಡಪ್ಪ ಕಾಕಾ ಅಂತೂ ನೀವು ಕೆಲಸಕ್ಕೆ ಹೊರಟಾಗಲೆಲ್ಲ ‘ಶರಣೂ, ಗಟ್ಟಿ ಹಿಡಿಯೋ’. ನೀವೂ ನಕ್ಕಿರಿ. ಊಟಕ್ಕೆ ಕೂತರೆ ಮಾತ್ರ ತಲೆ ಎತ್ತುತ್ತಿರಲಿಲ್ಲ. ಅದನ್ನು ನೋಡಲಾಗದೆ, ಎರಡು ದಿನ ಅಂತ ಭಾಗವ್ವ ದೊಡ್ಡವ್ವನ ಮನೆಗೆ ಬಂದವಳು ಇಲ್ಲೇ ಉಳಿದೆ. ಅವಳ ಜೊತೆ ಚರ್ಮದ ಚೀಲಗಳ ದಾರ ಕತ್ತರಿಸುತ್ತೇನೆ. ಸ್ವಲ್ಪ ಕೂತರೆ ಸಾಕು, ಕಾಲು ತಾನೇ ಎದ್ದು ಹೊರಗೆ ಹೋಗುತ್ತದೆ. ಹೊರಗೆ ನಿಂತರೆ ಎಲ್ಲಿಗೆ ಅಂತ ತಿಳಿಯುವುದಿಲ್ಲ.

ಮೊನ್ನೆ ಅತ್ತೆ ಬಂದಿದ್ದರು. ಅರ್ಧಕ್ಕೆ ಬಿಟ್ಟರೆ ಸಂಸಾರ ನಿಲ್ಲುವುದಿಲ್ಲ, ಅಮಾವಾಸ್ಯೆಗೆ ಮತ್ತೆ ಹೋಗಿ ಐದೂ ಮೆಟ್ಟಿಲು ಪೂರ್ತಿ ಮಾಡಿಸೋಣ ಅಂದರು. ನನಗೆ ತಡೆಯಲಾಗಲಿಲ್ಲ, ಜಿಗಿದದ್ದು ನಾನು ಅಂದುಬಿಟ್ಟೆ. ಅವರು ಬಯ್ಯಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು, ‘ಗಂಡಸಿನ ಕೈ ಜಾರ್ತು ಅಂದ್ರ ನಾಕು ದಿನ ನಗ್ತಾರ. ಹೆಂಗಸು ಜಿಗಿದಳು ಅಂದ್ರ ಸಾಯೂತನಕ ಬಿಡೂದಿಲ್ಲ. ಸುಮ್ಮನಿರು’ ಅಂದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ನಾನು ಸುಮ್ಮನಿದ್ದರೆ ಆ ನಗು ನಿಮ್ಮ ಮೇಲೇ ಉಳಿಯುತ್ತದೆ. ಅದು ನನ್ನಿಂದಾಗದು.

ನೀವು ಬೇಡ ಅಂತ ಜಿಗಿಯಲಿಲ್ಲ. ಬೇಕು ಅಂತಲೂ ಆಗ ಗೊತ್ತಿರಲಿಲ್ಲ, ವಾರಕ್ಕೆ ಯಾರಿಗೆ ಗೊತ್ತಾಗುತ್ತದೆ. ಈಗ ಸ್ವಲ್ಪ ಗೊತ್ತಾಗಿದೆ. ಮತ್ತೆ ಎತ್ತಿಸಿಕೊಳ್ಳಲು ಮಾತ್ರ ನಾನು ತಯಾರಿಲ್ಲ, ಅತ್ತೆಗೆ ನೀವೇ ಹೇಳಬೇಕು. ಜೊತೆಗೆ ಹತ್ತುವುದಾದರೆ ಬರುತ್ತೇನೆ.

ದೊಡ್ಡಪ್ಪ ರಾತ್ರಿ ಪಾಳಿಗೆ ಕಾಂದಿವಲಿಗೆ ಬರುತ್ತಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಸಿಟ್ಟು ಬಂದರೆ ಸಿಟ್ಟನ್ನೇ ತೋರಿಸಿ,
ಭುವನೇಶ್ವರಿ

ತಾ.ಕ.: ಪತ್ರ ಮಡಚುವ ಮೊದಲು ಖಂಡಪ್ಪ ಕಾಕಾಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿ, ಚಾಳಿನವರೂ ಕೇಳಲಿ ಅಂದೆ. ಜಿಗಿದದ್ದು ನಾನು ಅಂತ ಹೇಳಿದೆ. ಯಾರೂ ನಗಲಿಲ್ಲ. ಕಾಕಾ ಮಾತ್ರ ‘ಇಷ್ಟು ಹೇಳಿದ ಮ್ಯಾಲ ಇಲ್ಲಿ ಹೆಂಗ ಮುಖ ತೋರಿಸ್ತಿ’ ಅಂತ ಕೇಳಿದರು. ನಾಳೆ ಬೆಳಿಗ್ಗೆ ಲೋಕಲ್ ಹಿಡಿದು ಕಾಂದಿವಲಿಗೆ ಹೊರಡುತ್ತೇನೆ.