ಹುಣಸೆಮರದವರೆಗೆ ಹಾರಿದ ಅಣ್ಣಯ್ಯನಿಗೆ

ಅಣ್ಣಯ್ಯಾ,

ಮೇಲೆ ಹೇಗಿದ್ದೀಯ ಅಂತ ಕೇಳುವುದಿಲ್ಲ. ಮೇಲಕ್ಕೆ ಹೋಗಬೇಕು ಅಂತ ಹುಟ್ಟಿದಾಗಿನಿಂದ ಒದ್ದಾಡಿದವನು ನೀನು, ಚೆನ್ನಾಗಿಯೇ ಇರುತ್ತೀಯ. "ಈ ಮುನಿಯಪ್ಪ ಒಂದಿನ ಬಿದ್ದೇ ಸಾಯ್ತಾನೆ" ಅಂತ ಉದ್ದನಪಲ್ಲಿಗೆ ಉದ್ದನಪಲ್ಲಿಯೇ ಭವಿಷ್ಯ ಹೇಳಿತ್ತು. ನೀನು ಕಾಮಾಲೆ ಬಂದು, ಮಂಚದ ಮೇಲೆ ಅಚ್ಚುಕಟ್ಟಾಗಿ ಮಲಗಿ ಹೋಗಿ, ಎಲ್ಲರ ಮಾತನ್ನೂ ಸುಳ್ಳು ಮಾಡಿದೆ. ಇರಲಿ. ನಿನಗೊಂದು ಸುದ್ದಿ ಹೇಳಬೇಕು. ಅದಕ್ಕೆ ಮೊದಲು ನನ್ನ ಸೀರೆಯ ವಿಷಯ.

ಆ ದಿನ ನೆನಪಿದೆಯಾ? ಮತ್ತಿಗಿರಿಯ ನಿನ್ನ ಸೈಕಲ್ ಅಂಗಡಿಗೆ ಬಿಸಿಲು ಹೊಡೆಯುತ್ತದೆ, ಮರೆ ಕಟ್ಟಬೇಕು ಅಂತ ಹಳೇ ಬಟ್ಟೆ ಕೇಳಿದೆ. ನಾನು ಪಂಚೆ ಕೊಟ್ಟೆ. ಪೆಟ್ಟಿಗೆಯಲ್ಲಿದ್ದ ನನ್ನ ಮದುವೆಯ ಹಸಿರು ಸೀರೆಯನ್ನು ನೀನೇ ತೆಗೆದುಕೊಂಡೆ. ನಾನು ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನೋಡಿದರೆ, ರಸ್ತೆ ಪಕ್ಕದ ದೊಡ್ಡ ಬಂಡೆಯ ಮೇಲಿಂದ ಬಿದಿರು, ಸೈಕಲ್ ಟ್ಯೂಬು, ಬಟ್ಟೆ ಎಲ್ಲ ಸೇರಿದ ಏನೋ ಒಂದು ಗಾಳಿಯಲ್ಲಿ ತೇಲಿ ಬಂತು. ಮೊದಲು ಗುರುತು ಸಿಕ್ಕಿದ್ದು ಸೀರೆಯ ಅಂಚು. ಆಮೇಲೆ ನೀನು.

ಅದೇ ಹೊತ್ತಿಗೆ ರಾಯಕೋಟೆ ಬಸ್ಸು ಬಂತಲ್ಲ... ಬಸ್ಸು ಕೆಳಗೆ, ನೀನು ಮೇಲೆ. ರಸ್ತೆ ದಾಟಿ ಆಚೆ ಬದಿಯ ಹುಣಸೆಮರದಲ್ಲಿ ಹೋಗಿ ಸಿಕ್ಕಿಕೊಂಡೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ. ಕಂಡಕ್ಟರ್ ತಲೆ ಹೊರಗೆ ಹಾಕಿ ನೋಡಿ, ಬಸ್ಸಿನ ಟಾಪ್ ಮೇಲೆ ಕದ್ದು ಕೂತಿದ್ದವನು ಕೊಂಬೆಗೆ ಸಿಕ್ಕಿಕೊಂಡಿದ್ದಾನೆ ಅಂದುಕೊಂಡು, "ಯೋವ್! ಟಾಪ್‌ಲೆ ಏರಾದೆ, ಉಳ್ಳೇ ವಾಯ್ಯಾ!" ಅಂತ ಕೂಗಿದ. ಟಾಪ್ ಹತ್ತಬೇಡ, ಒಳಗೆ ಬಾ ಅಂತ! ನೀನು ಎಲೆಗಳ ನಡುವಿನಿಂದ, "ನಾನ್ ನಿಮ್ ಬಸ್ಸಲ್ಲಿ ಬಂದಿಲ್ಲ ಸಾಮಿ!" ಅಂದೆ. ಅಲ್ಲಿ ನೇತಾಡುತ್ತಿದ್ದಾಗಲೂ ನಿನಗೆ ಟಿಕೆಟ್ಟಿನ ಭಯವಾ? ಏಣಿ ತಂದು ನಿನ್ನನ್ನು ಇಳಿಸುವಾಗ ನಾನು ಕೆಳಗೆ ನಿಂತು ಬೈದ ಬೈಗುಳ... ಅದನ್ನು ಕಾಗದದ ಮೇಲೆ ಬರೆಯುವುದು ಬೇಡ.

ಆವತ್ತಿನಿಂದ ನಮ್ಮ ಯಜಮಾನರು ನಿನಗೆ 'ಬಿದ್ದಪ್ಪ' ಅಂತ ಹೆಸರಿಟ್ಟರು. ಊರಿಗೆ ಅಷ್ಟು ಸಾಕಾಯಿತು. ನೀನೂ ಎಲ್ಲರ ಜೊತೆ ನಗುತ್ತಿದ್ದೆ. ಒಂದು ಸಲ ಮಾತ್ರ, ಅಂಗಡಿಯಲ್ಲಿ ಚಕ್ರಕ್ಕೆ ಕಡ್ಡಿ ಬಿಗಿಯುತ್ತಾ, ತಲೆ ಎತ್ತದೆ ಹೇಳಿದೆ: "ನಂಜೀ, ನಾನ್ ಬಿದ್ದಿಲ್ಲ ಕಣೇ. ಬಸ್ಸು ನನ್ ಕೆಳಗೇ ಹೋಯ್ತು. ನೀನ್ ನೋಡ್ದೆ ತಾನೆ?" ನಾನು, "ನೋಡ್ದೆ ಸುಮ್ಕಿರು, ನನ್ ಸೀರೇನೂ ನೋಡ್ದೆ" ಅಂದೆ. ಹಾರಿದೆ ಅಂತ ಯಾರಾದರೂ ಒಬ್ಬರು ಹೇಳಲಿ ಅಂತ ಸಾಯುವವರೆಗೂ ಕಾದೆಯಲ್ಲ, ಅಣ್ಣಯ್ಯ.

ಈಗ ಸುದ್ದಿ ಕೇಳು. ಮೊನ್ನೆ ಮೊನ್ನೆ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಯಜಮಾನರು ನಿನ್ನ ಕಥೆಯನ್ನು ಎಂದಿನಂತೆ ಉಪ್ಪುಖಾರ ಹಚ್ಚಿ ಹೇಳಿದರಂತೆ. ಬಸ್ಸೆಲ್ಲ ನಕ್ಕಿತು. ಮುಂದಿನ ಸೀಟಿನವರೊಬ್ಬರು ಮಾತ್ರ ನಗದೆ ನಮ್ಮ ವಿಳಾಸ ಕೇಳಿದರು. ಸುಂದರಂ ಸಾರ್ ಅಂತ, ವಾಯುಸೇನೆಯಿಂದ ನಿವೃತ್ತರಾದವರು. ಈ ಸೀಮೆಯಿಂದ ಮೊದಮೊದಲು ಆಕಾಶಕ್ಕೆ ಹೋದವರ ಪಟಗಳನ್ನೆಲ್ಲ ಹೊಸೂರಿನ ಒಂದು ಸಭಾಂಗಣದಲ್ಲಿ ತೂಗುಹಾಕಿ ಗೌರವಿಸುತ್ತಿದ್ದಾರೆ. ತಳಿ ಊರಿನ ಕಡೆಯ ಒಬ್ಬ ಪೈಲಟ್, ಕೃಷ್ಣಗಿರಿಯ ಒಬ್ಬ ವಿಮಾನದ ಮೆಕ್ಯಾನಿಕ್, ಪ್ಯಾರಾಚೂಟ್‌ನಲ್ಲಿ ಇಳಿದ ಒಬ್ಬ ಸಿಪಾಯಿ. ಅವರ ಸಾಲಿನಲ್ಲಿ ನೀನು! ನಂಬುತ್ತೀಯಾ?

ಸಾಕ್ಷಿ ಹೇಳಲು ನನ್ನನ್ನು ಕರೆಸಿದರು. ಪಟದ ಕೆಳಗೆ ತಮಿಳಿನಲ್ಲಿ ಏನು ಬರೆಯಬೇಕು ಅಂತ ತೀರ್ಮಾನಿಸಲು ಒಬ್ಬ ತಮಿಳು ವಾತ್ಯಾರು, ಅಂದರೆ ಸ್ಕೂಲ್ ಮೇಷ್ಟ್ರು, ಕೂತಿದ್ದರು. ನಾನು, "ನಮ್ಮಣ್ಣ ಹಾರ್ದ ಸಾಮಿ, ಕಣ್ಣಾರೆ ಕಂಡಿವ್ನಿ" ಅಂದೆ. ಅವರು ಪೆನ್ನು ಎತ್ತಿ ಹಿಡಿದು, "ಹಾರ್ದ ಅಂದ್ರೆ? ಕುದಿಕ್ಕಿರದಾ, ಪರಕ್ಕಿರದಾ?" ಅಂದರು. ನೆಗೆಯುವುದಾ, ರೆಕ್ಕೆ ಬಿಚ್ಚಿ ಹೋಗುವುದಾ ಅಂತ. ತಮಿಳಿನಲ್ಲಿ ಎರಡಕ್ಕೂ ಬೇರೆ ಬೇರೆ ಮಾತು. ನಮ್ಮಲ್ಲಿ? ಬೇಲಿ ಹಾರುವ ಮೇಕೆಗೂ ಆಕಾಶದಲ್ಲಿ ಹಾರುವ ಹದ್ದಿಗೂ ಒಂದೇ ಮಾತು. ದಿನಾ ಎರಡೂ ಭಾಷೆ ಆಡುವ ನನಗೆ ಇದು ಯಾವತ್ತೂ ಹೊಳೆದಿರಲಿಲ್ಲ.

ಪರಕ್ಕಿರದು ಅಂತ ಒಂದು ಮಾತು ಅಂದಿದ್ದರೆ ನಿನ್ನ ಪಟ ಗೋಡೆಗೇರುತ್ತಿತ್ತು. ಆದರೆ ನೀನು ಬಂಡೆಯಿಂದ ಕಪ್ಪೆಯ ಹಾಗೆ ನೆಗೆದದ್ದನ್ನೂ ನೋಡಿದ್ದೆನಲ್ಲ, ಏನು ಮಾಡಲಿ? "ಬಂಡೆ ಹತ್ರ ಕುದಿಚ್ಚಾನ್, ರೋಡ್ ಮೇಲೆ ಪರಂದಾನ್, ಮರದ ಮೇಲೆ ಬಿದ್ದ" ಅಂದುಬಿಟ್ಟೆ. ವಾತ್ಯಾರು ಪೆನ್ನು ಕೆಳಗಿಟ್ಟರು. "ಬಿದ್ದವರ್ಗೆಲ್ಲ ಪಟ ಹಾಕಕ್ಕಾಗಲ್ಲಮ್ಮಾ" ಅಂದರು. ಹಿಂದಿನಿಂದ ನಮ್ಮ ಯಜಮಾನರು, "ಅದ್ಕೇ ನಾವು ಬಿದ್ದಪ್ಪ ಅಂತ..." ಅಂತ ಶುರು ಮಾಡಿದರು.

ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. ಸಿಪಾಯಿಯ ಪಟ ತೋರಿಸಿ ಕೇಳಿದೆ: "ಇವ್ರೇನ್ ಮಾಡಿದ್ದು ಸಾಮಿ? ಬಿದ್ದಿದ್ದೇ ತಾನೆ? ಪ್ಯಾರಾಚೂಟ್ ಕಟ್ಕೊಂಡ್ ಬಿದ್ರೆ ದೊಡ್ಡೋರು, ನನ್ ಮದ್ವೆ ಸೀರೆ ಕಟ್ಕೊಂಡ್ ಬಿದ್ರೆ ಬಿದ್ದಪ್ಪನಾ? ಅವ್ನ ಕೆಳಗೆ ಬಸ್ ಹೋಯ್ತು ಸಾಮಿ, ಬಸ್ಸು!"

ಸುಂದರಂ ಸಾರ್ ಆಗ ನಕ್ಕರು ನೋಡು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು. "ವಾತ್ಯಾರೇ, ಅವ್ರ ಒಂದ್ ಮಾತ್ನ ನಾವ್ಯಾಕೆ ಎರಡು ಮಾಡ್ಬೇಕು? ಅವ್ರ ಭಾಷೆಯಲ್ಲೇ ಇರ್ಲಿ, ಬಿಡಿ" ಅಂದರು. ಆ ಗೋಡೆಯ ಮೇಲೆಲ್ಲ ತಮಿಳು, ನಿನ್ನದೊಂದು ಮಾತ್ರ ಕನ್ನಡ. ಪಟಕ್ಕೆ ನನ್ನ ಮದುವೆಯ ಫೋಟೋದಿಂದಲೇ ನಿನ್ನನ್ನು ಕತ್ತರಿಸಿ ಕೊಟ್ಟೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ನೀನು ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತಿದ್ದೀಯಲ್ಲ, ಅದೇ. ಪಕ್ಕದಲ್ಲಿ ನನ್ನ ಸೀರೆಯ ಅಂಚೂ ಬಂದಿದೆ.

ಬೋರ್ಡು ಬರೆಯುವ ಹುಡುಗನಿಗೆ, "ಮುನಿಯಪ್ಪ ಹಾರ್ದ ಅಂತ ಬರಿಯಪ್ಪ" ಅಂದೆ. ಅವನು ಕುಂಚ ನಿಲ್ಲಿಸಿದ. "ಅಕ್ಕಾ, ಗೋಡೆ ಮೇಲಿರೋರ್ಗೆ ಹಾರ್ದ, ಬಂದ ಅಂತಾರಾ? ಮರ್ವಾದೆ ಬೇಡ್ವಾ?" ಅಂದವನೇ ಬರೆದ: ಉದ್ದನಪಲ್ಲಿಯ ಮುನಿಯಪ್ಪನವರು. ಹಾರಿದರು.

ಬಿದ್ದ, ನೇತಾಡಿದ, ಸಿಕ್ಕಿಹಾಕಿಕೊಂಡ. ನೀನಿರುವ ತನಕ ನಿನ್ನ ಹೆಸರಿನ ಕೊನೆಗೆ ಯಾರಾದರೂ ಒಂದು 'ರು' ಹಚ್ಚಿದ್ದರಾ, ಅಣ್ಣಯ್ಯ? ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಆಮೇಲೆ ನಮ್ಮ ಯಜಮಾನರನ್ನು ಪಟದ ಮುಂದೆ ನಿಲ್ಲಿಸಿ, ಕನ್ನಡಕ ಮರೆತು ಬಂದಿದ್ದೀನಿ, ಏನು ಬರೆದಿದೆ ಓದಿ ಅಂದೆ. ಅವರು ಒಂದೊಂದೇ ಅಕ್ಷರ ಕೂಡಿಸಿ, "ಮುನಿಯಪ್ಪನವರು... ಹಾರಿದರು" ಅಂತ ಓದಿದರು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಅಂದೆ. ಇನ್ನೊಂದು ಸಲವೂ ಓದಿದರು, ಈ ಸಲ ಜೋರಾಗಿ.

ನಾನು ಕನ್ನಡಕ ಯಾವತ್ತು ಹಾಕಿದ್ದೆ?

ಅಲ್ಲಿ ಸುಮ್ಮನೆ ಕೂತಿರುವವನಲ್ಲ ನೀನು, ಏನೋ ಕಟ್ಟುತ್ತಲೇ ಇರುತ್ತೀಯ. ನಾನು ಬರುವಾಗ ಒಂದು ಒಳ್ಳೆಯ ಸೀರೆ ಉಟ್ಟುಕೊಂಡೇ ಬರುತ್ತೇನೆ. ಈ ಸಲ ಮಾತ್ರ ಕೇಳಿ ತಗೋ. ಕೊಡ್ತೀನಿ.

ನಿನ್ನ ತಂಗಿ,
ನಂಜಿ